ಪೇಷಂಟ್ ಕಡೆಯವರು

ಹೋದ ತಿಂಗಳು ಗುಬ್ಬಿಯ ಒಂದು ಕಲ್ಯಾಣ ಮಂಟಪದಲ್ಲಿ ನಾನು ನನ್ನ ಮರ್ಯಾದೆ ಕಳೆದುಕೊಂಡೆ. ನನ್ನ ತಮ್ಮನ ಮಗಳ ಮದುವೆ. ಸೋದರತ್ತೆ ಅನ್ನುವ ಪದವಿಗೆ ತಕ್ಕ ಹಾಗೆ ನನಗೂ ಒಂದು ಕೆಲಸ ಒಪ್ಪಿಸಿದ್ದರು. ಊಟ ಮುಗಿಸಿ ಬರುವವರಲ್ಲಿ ಗಂಡಿನ ಕಡೆಯವರನ್ನು ಗುರುತು ಹಿಡಿದು ಅವರಿಗೆ ಬೇರೆ ತಾಂಬೂಲದ ಚೀಲ ಕೊಡಬೇಕು. ಗಂಡಿನ ಕಡೆಯವರ ಚೀಲದಲ್ಲಿ ತೆಂಗಿನಕಾಯಿಯ ಜೊತೆಗೆ ಒಂದು ಸ್ಟೀಲ್ ಡಬ್ಬಿ, ನಮ್ಮವರ ಚೀಲದಲ್ಲಿ ಬರೀ ತೆಂಗಿನಕಾಯಿ. ಅದಲು ಬದಲಾದರೆ ಮುಂದಿನ ಹತ್ತು ವರ್ಷ ಮಾತು ಕೇಳಬೇಕು. ಪಂಕ್ತಿ ಎದ್ದದ್ದೇ ಜನ ಒಟ್ಟಿಗೆ ನುಗ್ಗಿ ಬಂದರು. ಗಾಬರಿಯಾದಾಗ ನನ್ನ ಗಂಟಲು ನನ್ನ ಅಪ್ಪಣೆಗೆ ಕಾಯುವುದಿಲ್ಲ. ಎರಡೂ ಕೈ ಮೇಲೆತ್ತಿ, ವಾಲಗದ ಸದ್ದನ್ನೂ ಮೀರಿಸಿ ಕೂಗಿದೆ: "ಪೇಷಂಟ್ ಕಡೆಯವ್ರು ಯಾರ್ರೀ? ಈ ಕಡೆ ಬನ್ನಿ!"

ವಾಲಗವೇ ನಿಂತಿತೋ, ನನ್ನ ಕಿವಿಯೇ ಮುಚ್ಚಿಹೋಯಿತೋ ಗೊತ್ತಿಲ್ಲ. ಬಿಳಿ ಪಂಚೆಯ ಹಿರಿಯರೊಬ್ಬರು, ಗಂಡಿನ ಸೋದರಮಾವನಂತೆ, ಎಲೆಅಡಿಕೆ ತುಂಬಿದ ಬಾಯಲ್ಲೇ ನಕ್ಕು, "ನಾವೇ ಕಣಮ್ಮ. ಪೇಷಂಟು ಇನ್ನೂ ಹಸೆ ಮೇಲೆ ಕೂತವ್ನೆ. ಕಂಡೀಸನ್ ಹೆಂಗದೆ ನೋಡ್ಬುಟ್ಟು ಬನ್ನಿ" ಅಂದರು. ಅಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ತಮ್ಮ ಮಾತ್ರ ಮುಖ ಗಂಟು ಹಾಕಿಕೊಂಡು ಚೀಲಗಳ ರಾಶಿಯನ್ನು ನನ್ನ ಕೈಯಿಂದ ಬಿಡಿಸಿಕೊಂಡ.

ನನ್ನ ತಪ್ಪೇನೂ ಇಲ್ಲ. ಮೂವತ್ತು ವರ್ಷದಿಂದ ದಿನಕ್ಕೆ ಇಪ್ಪತ್ತು ಸಲ ಕೂಗಿದ ಮಾತು ಅದು. ತುಮಕೂರಿನ ಒಂದು ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ನಾನು ಫಿಸಿಷಿಯನ್. ಮನೆ ಬಟವಾಡಿಯಲ್ಲಿ. ಹುಡುಗರು ಬೆನ್ನ ಹಿಂದೆ ನನ್ನನ್ನು ಮೈಕ್ ಮೇಡಂ ಅನ್ನುತ್ತಾರೆ. ಎದುರಿಗೆ ಅನ್ನುವುದಿಲ್ಲ, ಇಂಟರ್ನಲ್ ಮಾರ್ಕ್ಸ್ ನನ್ನ ಕೈಯಲ್ಲಿದೆ.

ನೀವೂ ಆಸ್ಪತ್ರೆಯಲ್ಲಿ ಈ ಕೂಗನ್ನು ಕೇಳಿರುತ್ತೀರಿ. ನರ್ಸಮ್ಮ ಬಾಗಿಲ ಬಳಿ ಬಂದು ಕೂಗಿದ ತಕ್ಷಣ ಕಾರಿಡಾರಿನ ಮೂಲೆ ಮೂಲೆಯಿಂದ ಐದಾರು ಜನ ಎದ್ದು ಬರುತ್ತಾರೆ. ಅವರಲ್ಲಿ ಮಾತಾಡುವವರು ಒಬ್ಬರು, ಅಳುವವರು ಒಬ್ಬರು, ಫೋನ್ ಹಿಡಿದವರು ಒಬ್ಬರು. ಫೋನಿನ ಆ ಕಡೆ ಯಾರೋ 'ಮೆಡಿಕಲ್ ಫೀಲ್ಡಿನಲ್ಲಿರುವವರು' ಇದ್ದೇ ಇರುತ್ತಾರೆ. ವಿಚಾರಿಸಿದರೆ ಅವರು ಮಾತ್ರೆ ಕಂಪನಿಯ ವ್ಯಾನ್ ಓಡಿಸುತ್ತಿರುತ್ತಾರೆ. ಡಾಕ್ಟರು ಈ ಗುಂಪಿಗೆ ವಿಷಯ ಹೇಳುತ್ತಾರೆ, ಗುಂಪು ತೀರ್ಮಾನ ಮಾಡುತ್ತದೆ, ಯಾರೋ ಒಬ್ಬರು ಸೈನ್ ಹಾಕುತ್ತಾರೆ. ಪೇಷಂಟು ಒಳಗೆ ಮಂಚದ ಮೇಲೆ ಫ್ಯಾನ್ ನೋಡುತ್ತಾ ಮಲಗಿರುತ್ತಾನೆ. ಕಾಯಿಲೆ ಅವನದು, ಮಿಕ್ಕಿದ್ದೆಲ್ಲ ಕಡೆಯವರದು.

ಇನ್ನೊಂದು ಪದ್ಧತಿಯೂ ಉಂಟು. ಓಪಿಡಿಯಲ್ಲಿ ತಾಯಿಯನ್ನು ಕೂರಿಸಿ ಮಗ ಅವಳ ಬೆನ್ನ ಹಿಂದೆ ನಿಂತುಕೊಳ್ಳುತ್ತಾನೆ. ನಾನು ರಿಪೋರ್ಟ್ ಬಿಚ್ಚುತ್ತಿದ್ದ ಹಾಗೆ, ಅವಳ ತಲೆಯ ಮೇಲೆ ಅವನ ಕೈ ಅತ್ತಿತ್ತ ಆಡುತ್ತದೆ. ಹೇಳಬೇಡಿ ಅಂತ ಅರ್ಥ. ನಾನು ಅದಕ್ಕೆ ಎಷ್ಟು ಒಗ್ಗಿಹೋಗಿದ್ದೆನೆಂದರೆ, ಕಣ್ಣಲ್ಲೇ ಅವನಿಗೆ ಉತ್ತರ ಕೊಟ್ಟು, ಬಾಯಲ್ಲಿ ತಾಯಿಗೆ "ಏನಿಲ್ಲಮ್ಮ, ವಸಿ ಹುಣ್ಣಾಗಿದೆ" ಅನ್ನುತ್ತಿದ್ದೆ. ಆಮೇಲೆ ಅವನನ್ನು ಆಚೆ ಕರೆದು ನಿಜ ಹೇಳುತ್ತಿದ್ದೆ.

ಹಾಗಂತ ಈ ಕಡೆಯವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಹೆಬ್ಬೂರಿನ ಮೊದಲ ಬಸ್ಸಿನಲ್ಲಿ ಮುದ್ದೆ, ಸೊಪ್ಪಿನ ಸಾರು ಕ್ಯಾರಿಯರಿನಲ್ಲಿ ಹೊತ್ತುಕೊಂಡು ಬರುವವರು ಅವರೇ. ಮಂಚದ ಕೆಳಗೆ ಚಾಪೆ ಹಾಸಿಕೊಂಡು ವಾರಗಟ್ಟಲೆ ಮಲಗುವವರು, ಬೆಡ್‌ಪ್ಯಾನ್ ಎತ್ತುವವರು ಅವರೇ. ಅವರಿಲ್ಲದಿದ್ದರೆ ನಮ್ಮ ಆಸ್ಪತ್ರೆ ಒಂದು ದಿನವೂ ನಡೆಯುವುದಿಲ್ಲ. ಪ್ರೀತಿಯಿಂದಲೇ ಅವರು ಮುಚ್ಚಿಡುತ್ತಾರೆ.

ಇಂಥ ನನಗೆ ನೀತಿಪಾಠ ಮಾಡುವ ಕೆಲಸ ಬಂದದ್ದು ಹೇಗೆಂದು ಕೇಳಿ. ಹೊಸ ಪಠ್ಯಕ್ರಮದಲ್ಲಿ ವೈದ್ಯರ ನಡವಳಿಕೆ, ನೀತಿ ಎಲ್ಲ ಕಡ್ಡಾಯವಾಗಿ ಕಲಿಸಬೇಕು ಅಂತ ಬಂತು. ಯಾರು ಕಲಿಸುವುದು ಅಂತ ತೀರ್ಮಾನಿಸಲು ಮೀಟಿಂಗ್ ಕರೆದರು. ಅವತ್ತು ನಾನು ಹಲ್ಲುನೋವು ಅಂತ ಸುಳ್ಳು ಹೇಳಿ ಮನೆಯಲ್ಲಿ ಹಪ್ಪಳ ಒಣಗಿಸುತ್ತಿದ್ದೆ. ಮೀಟಿಂಗಿಗೆ ಬಂದವರೆಲ್ಲ ಸೇರಿ, ಬಾರದವಳ ತಲೆಗೆ ಕಟ್ಟಿದರು. ಸುಳ್ಳು ಹೇಳಿ ತಪ್ಪಿಸಿಕೊಂಡವಳಿಗೆ ನೀತಿಶಾಸ್ತ್ರ ಸಿಕ್ಕಿತು.

ಮೊದಲ ಕ್ಲಾಸಿನಲ್ಲಿ ಮೂರನೇ ವರ್ಷದ ಹುಡುಗ ಹುಡುಗಿಯರು. ಮುಂದಿನ ಬೆಂಚಿನಲ್ಲಿ ರಕ್ಷಿತಾ. ಇವಳು ಬ್ಯಾಚಿನ ಟಾಪರ್, ಪ್ರಶ್ನೆ ಮುಗಿಯುವ ಮೊದಲೇ ಎದ್ದು ನಿಲ್ಲುವವಳು. ಅಟಾನಮಿಯಿಂದ ಶುರುಮಾಡಿ ಜಸ್ಟಿಸ್ ತನಕ ನಾಲ್ಕು ತತ್ವಗಳನ್ನು ಉಸಿರು ಬಿಡದೆ ಒಪ್ಪಿಸಿದಳು. ಅಟಾನಮಿ ಅಂದರೆ ತನ್ನ ಮೈಯ ವಿಷಯದಲ್ಲಿ ಕೊನೆಯ ಮಾತು ಪೇಷಂಟಿನದೇ ಅನ್ನುವುದು ಅಂತ ಅರ್ಥವನ್ನೂ ಹೇಳಿದಳು. ನಾನು ಬೆನ್ನ ಹಿಂದಿನ ಕೈಸನ್ನೆಯ ಕಥೆ ಹೇಳಿ, "ಆಗ ಏನ್ ಮಾಡ್ತೀಯಮ್ಮ?" ಅಂದೆ.

"ಅಟಾನಮಿ ಮೇಡಂ."

"ಸರಿ. ಎದುರಿಗೆ ತಾಯಿ ಇದಾಳೆ, ಹಿಂದೆ ಮಗ ಕೈ ಆಡಿಸ್ತಿದಾನೆ. ನಿನ್ನ ಬಾಯಿಂದ ಬರೋ ಮೊದಲನೇ ಮಾತು ಯಾವುದು?"

ಅವಳು ಬಾಯಿ ತೆರೆದಳು, ಮುಚ್ಚಿದಳು. ಹಿಂದಿನ ಬೆಂಚಿನಿಂದ ಒಬ್ಬ, "ನೆಕ್ಸ್ಟ್ ಪೇಷಂಟ್" ಅಂದ. ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ. ಆದರೆ ಮನೆಗೆ ಹೋಗುವಾಗ ಆಟೋದಲ್ಲಿ ಕೂತು ಯೋಚಿಸಿದೆ, ಆ ಮೊದಲನೇ ಮಾತು ನನಗಾದರೂ ಗೊತ್ತಿದೆಯೇ ಅಂತ. ಗೊತ್ತಿರಲಿಲ್ಲ.

ನನ್ನ ಅಪ್ಪನಿಗೆ ಗೊತ್ತಿತ್ತು ಅಂತ ಕಾಣುತ್ತದೆ. ಗುಬ್ಬಿಯ ಬಸ್ ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ಅವರದೊಂದು ಟೈಲರ್ ಅಂಗಡಿ ಇತ್ತು. ಜೂನ್ ಬಂತೆಂದರೆ ಸ್ಕೂಲ್ ಯೂನಿಫಾರಂ ಹೊಲಿಸಲು ತಾಯಂದಿರು ಮಕ್ಕಳನ್ನು ಎಳೆದುಕೊಂಡು ಬರುತ್ತಿದ್ದರು. "ವಸಿ ದೊಡ್ಡದಾಗೇ ಹೊಲೀರಿ, ಬೆಳ್ಯೋ ಮೈ" ಅನ್ನುತ್ತಿದ್ದರು. ಅಪ್ಪ ಅವರಿಗೆ ಹೂಂ ಅಂದು, ಆಮೇಲೆ ಮೊಣಕಾಲೂರಿ ಮಗುವಿನ ಮಟ್ಟಕ್ಕೆ ಕೂತು, "ನಿಂಗೆ ಹೆಂಗಿರ್ಬೇಕಪ್ಪ? ಜೇಬು ಎಷ್ಟಿರ್ಲಿ?" ಅಂತ ಕೇಳುತ್ತಿದ್ದರು. ತಾಯಂದಿರಿಗೆ ಸಿಟ್ಟು ಬರುತ್ತಿತ್ತು. "ಅದ್ಕೇನ್ ಗೊತ್ತಾಯ್ತದೆ, ನಮ್ಮನ್ ಕೇಳಿ" ಅಂದರೆ ಅಪ್ಪ ಟೇಪನ್ನು ಕೊರಳಿಗೆ ಹಾಕಿಕೊಂಡು, "ಹಾಕ್ಕಳ್ಳೋನು ಅವ್ನು ತಾನೆ" ಅನ್ನುತ್ತಿದ್ದರು. ನನ್ನನ್ನೂ ಒಂದು ಸಲ ಹಾಗೆಯೇ ಕೇಳಿದರು. ನಾನು ಆರು ಜೇಬಿನ ಲಂಗ ಬೇಕೆಂದೆ. ಎಷ್ಟು ಹೇಳಬೇಕೋ ಅಷ್ಟು ಹೇಳಿ ನೋಡಿ, ಕೊನೆಗೆ ಹೊಲಿದೇ ಕೊಟ್ಟರು. ಶಾಲೆಯಲ್ಲಿ ಒಂದು ವರ್ಷ ನನ್ನನ್ನು ಪೋಸ್ಟ್ ಡಬ್ಬ ಅಂತ ಕರೆದರು. ಯಾರ ಮೇಲೂ ದೂರು ಹೇಳುವ ಹಾಗಿರಲಿಲ್ಲ, ಕೇಳಿದವಳು ನಾನೇ.

ಆ ಅಪ್ಪನ ಮಗಳಾಗಿ ನಾನು ಮಾಡಿದ ಒಂದು ಕೆಲಸವನ್ನು ಇಲ್ಲಿ ಹೇಳಬೇಕು. ಹೇಳಲು ನಾಚಿಕೆಯಾಗುತ್ತದೆ. ಆಗ ನಾನಿನ್ನೂ ಹೌಸ್ ಸರ್ಜನ್. ಊರು ಬೇಡ, ಆಸ್ಪತ್ರೆಯ ಹೆಸರೂ ಬೇಡ. ಹೆರಿಗೆಯಲ್ಲಿ ರಕ್ತ ನಿಲ್ಲದೆ ಒಬ್ಬ ಹೆಂಗಸಿನ ಗರ್ಭಕೋಶ ತೆಗೆಯಬೇಕಾಯಿತು. ಗಂಡ ಹೆಬ್ಬೆಟ್ಟು ಒತ್ತಿದ. ಜೀವ ಉಳಿಯಿತು, ಮಗು ಉಳಿಯಲಿಲ್ಲ. ಅವತ್ತು ಆಪರೇಷನ್ನಿನಲ್ಲಿ ಕೈಜೋಡಿಸಿದವಳು ನಾನು. ಎಂಟು ತಿಂಗಳಾದ ಮೇಲೆ ಅವಳು ಒಬ್ಬಳೇ ಓಪಿಡಿಗೆ ಬಂದಳು. ಹಣೆ ತುಂಬ ಕುಂಕುಮ, ಮಡಿಲಲ್ಲಿ ನನಗೆಂದು ನಾಲ್ಕು ಎಳನೀರು. "ಅವ್ವಾ, ಮುಟ್ಟೂ ಆಗ್ತಿಲ್ಲ, ಬಸ್ರೂ ನಿಲ್ತಿಲ್ಲ. ಮಕ್ಕಳಾಗಕ್ಕೆ ಒಳ್ಳೆ ಮಾತ್ರೆ ಬರ್ಕೊಡಿ" ಅಂದಳು. ಅವಳಿಗೆ ಯಾರೂ ಹೇಳಿರಲಿಲ್ಲ. ಗಂಡನೂ ಹೇಳಿರಲಿಲ್ಲ, ನಾವೂ ಹೇಳಿರಲಿಲ್ಲ. ಹೇಳಬೇಕಾದ ಹೊತ್ತು ಅದೇ, ಹೇಳಬೇಕಾದವಳು ನಾನೇ. ನಾನು ಬಿ ಕಾಂಪ್ಲೆಕ್ಸ್ ಬರೆದುಕೊಟ್ಟೆ. ಅವಳು ಚೀಟಿಯನ್ನು ಕಣ್ಣಿಗೊತ್ತಿಕೊಂಡು ಹೋದಳು.

ಬಹಳ ವರ್ಷ ಈ ಸಂಗತಿಯನ್ನು ಯಾರಿಗೂ ಹೇಳಿರಲಿಲ್ಲ. ಎರಡನೇ ಕ್ಲಾಸಿನಲ್ಲಿ ಪಾಠದ ಪುಸ್ತಕ ಮುಚ್ಚಿಟ್ಟು ಇದನ್ನು ಹೇಳಿದೆ. ನನ್ನ ಮೈಕಿನಂಥ ಗಂಟಲು ಅವತ್ತು ಮೂರನೇ ಬೆಂಚಿಗೂ ಕೇಳಿಸಲಿಲ್ಲವಂತೆ. ಹಿಂದಿನ ಬೆಂಚಿನ ಹುಡುಗರು ತಾವಾಗಿ ಎದ್ದು ಮುಂದೆ ಬಂದು ಕೂತರು.

ಆವತ್ತೇ ನಾನು ಒಂದು ಕಟ್ಟಳೆ ಮಾಡಿದೆ. ವಾರಕ್ಕೊಂದು ದಿನ ಪ್ರತಿಯೊಬ್ಬರೂ ವಾರ್ಡಿನಲ್ಲಿ ಒಬ್ಬ ಪೇಷಂಟಿನ ಪಕ್ಕ ಸ್ಟೂಲ್ ಹಾಕಿಕೊಂಡು ಇಪ್ಪತ್ತು ನಿಮಿಷ ಕೂರಬೇಕು. ನಿಲ್ಲುವ ಹಾಗಿಲ್ಲ. ಕೊರಳಲ್ಲಿ ಸ್ಟೆತಸ್ಕೋಪ್ ಇರಬಾರದು. ಕಾಯಿಲೆಯ ಪ್ರಶ್ನೆ ಒಂದೂ ಕೇಳಬಾರದು. ವಾಪಸ್ ಬಂದು, ತನಗೆ ಏನಾಗಿದೆ, ನಾಳೆ ಏನಾಗುತ್ತದೆ ಅಂತ ಆ ಪೇಷಂಟು ಏನು ತಿಳಿದುಕೊಂಡಿದ್ದಾನೋ ಅದನ್ನು ಅವನ ಮಾತಿನಲ್ಲೇ ಹೇಳಬೇಕು. ಇಷ್ಟೇ ನೀತಿಪಾಠ. ಹುಡುಗರು ಇದನ್ನು ಫ್ರೀ ಪೀರಿಯಡ್ ಅಂದುಕೊಂಡು ಖುಷಿಯಾದರು.

ಅವರು ತಂದ ವರದಿಗಳನ್ನು ಕೇಳಬೇಕಿತ್ತು ನೀವು. ಗುಬ್ಬಿ ಕಡೆಯ ಅಜ್ಜಿಯೊಬ್ಬಳು ಇಸಿಜಿ ಮಾಡಿದ್ದನ್ನು ಕರೆಂಟ್ ಕೊಟ್ಟರು ಅಂತ ತಿಳಿದು, "ಅದು ಕೊಟ್ಮೇಲೆ ಮಂಡಿನೋವು ವಾಸಿ, ಇನ್ನೊಂದ್ ಕಿತ ಕೊಡ್ಸಪ್ಪ" ಅಂದಿದ್ದಳು. ಇನ್ನೊಬ್ಬರು, ದಿನಾ ಬೆಳಿಗ್ಗೆ ರಕ್ತ ತೆಗೆಯುವುದು ಬೇರೆ ಪೇಷಂಟುಗಳಿಗೆ ಕೊಡುವುದಕ್ಕೆ ಅಂತ ನಂಬಿ, ಪುಣ್ಯದ ಕೆಲಸ ಅಂತ ಸುಮ್ಮನೆ ಕೈ ಚಾಚುತ್ತಿದ್ದರು. ನಾವು ನಗುತ್ತಿದ್ದೆವು. ನಕ್ಕು ಮುಗಿದ ಮೇಲೆ ಸುಮ್ಮನಾಗುತ್ತಿದ್ದೆವು, ಏಕೆಂದರೆ ಇವರಿಗೆಲ್ಲ ನಾವೇ 'ತಿಳಿಸಿ ಹೇಳಲಾಗಿದೆ' ಅಂತ ಕೇಸ್ ಶೀಟಿನಲ್ಲಿ ಬರೆದಿದ್ದೆವು.

ಒಂದು ಮಧ್ಯಾಹ್ನ, ಮೂರು ಗಂಟೆಯಿರಬಹುದು, ರಕ್ಷಿತಾ ನನ್ನ ರೂಮಿಗೆ ಓಡಿ ಬಂದಳು. ಅವಳು ಕೂತದ್ದು ಸರ್ಜರಿ ವಾರ್ಡಿನ ರುದ್ರಣ್ಣನ ಪಕ್ಕ. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯವನು, ಕುಣಿಗಲ್ಲಿನಿಂದ ಹೆಬ್ಬೂರಿನ ಮೇಲೆ ತುಮಕೂರಿಗೆ ಓಡುವ ಪ್ರೈವೇಟ್ ಬಸ್ಸಿನ ಕಂಡಕ್ಟರ್. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಬಸ್ಸಿನಲ್ಲಿ ಡ್ರೈವರ್ ಜೊತೆ ಹರಟುತ್ತಾ ಎಡಗಾಲನ್ನು ಇಂಜಿನ್ನಿನ ಬಾನೆಟ್ ಮೇಲೆ ಊರಿ ನಿಲ್ಲುವುದು ಅವನ ಅಭ್ಯಾಸ. ಸಕ್ಕರೆ ಕಾಯಿಲೆಯಿಂದ ಪಾದಕ್ಕೆ ಸ್ಪರ್ಶವೇ ಇಲ್ಲದಿದ್ದರೆ ಸುಡುವುದೂ ಗೊತ್ತಾಗುವುದಿಲ್ಲ. ಹೀಗೆ ಸುಟ್ಟದ್ದು ಗುಳ್ಳೆಯಾಗಿ, ಹುಣ್ಣಾಗಿ, ಈಗ ಪಾದ ಕಪ್ಪಾಗಿತ್ತು.

"ಮೇಡಂ, ಅವ್ರಿಗೆ ಗೊತ್ತೇ ಇಲ್ಲ" ಅಂದಳು. "ನಾಳೆ ಗಾಯ ಕ್ಲೀನ್ ಮಾಡ್ತಾರೆ, ಸೋಮವಾರದಿಂದ ಡ್ಯೂಟಿಗೆ ಹೋಗ್ತೀನಿ ಅಂತಿದಾರೆ. ನನ್ನನ್ನ ಬಸ್ಸಿಗೆ ಕರೆದ್ರು, ಮುಂದಿನ ಸೀಟು ಕೊಡ್ತಾರಂತೆ. ನಾಳೆ ಆಪರೇಷನ್ ಲಿಸ್ಟಲ್ಲಿ ನೋಡ್ದೆ ಮೇಡಂ. ಮೊಣಕಾಲಿನ ಕೆಳಗೆ ಕಾಲು ತೆಗೆಯೋದು ಅಂತ ಇದೆ. ಅವ್ರ ತಮ್ಮ ಸೈನ್ ಮಾಡಿದಾರೆ."

"ನೀನು ಏನಾದ್ರೂ ಹೇಳಿದ್ಯಾ?"

"ಬೆರಳು ತೆಗೀತಾರೇನಮ್ಮ ಅಂತ ಕೇಳಿದ್ರು. ನಾನು, ಸೀನಿಯರ್ಸ್ ಹೇಳ್ತಾರೆ ಅಂದ್ಬಿಟ್ಟು ಎದ್ದು ಬಂದೆ." ಅವಳ ಕಣ್ಣು ತುಂಬಿತ್ತು.

ನನ್ನ ಮೊದಲ ಯೋಚನೆ ಏನಿತ್ತು ಗೊತ್ತೆ? ಇದು ಸರ್ಜರಿಯವರ ಪೇಷಂಟ್, ನಮಗ್ಯಾಕೆ. ಅದನ್ನೇ ಸ್ವಲ್ಪ ನಯವಾಗಿ, "ಅವ್ರ ಡಿಪಾರ್ಟ್‌ಮೆಂಟು ನೋಡ್ಕೊಳ್ತಾರೆ ಬಿಡಮ್ಮ" ಅಂದೆ. ಅವಳು ಹೋಗಲಿಲ್ಲ. ಬಾಗಿಲಲ್ಲೇ ನಿಂತು, "ಮೇಡಂ, ಪರೀಕ್ಷೇಲಿ ಈ ಪ್ರಶ್ನೆ ಬಂದ್ರೆ ಏನ್ ಬರೀಬೇಕು?" ಅಂದಳು. ಕೊಂಕು ಮಾತಾಡುವ ಹುಡುಗಿ ಅಲ್ಲ ಅವಳು, ನಿಜವಾಗಿಯೂ ತಿಳಿಯದೆ ಕೇಳಿದಳು. ಅದಕ್ಕೇ ನನಗೆ ತಡೆದುಕೊಳ್ಳಲಾಗಲಿಲ್ಲ. ಎದ್ದು ಚಪ್ಪಲಿ ಮೆಟ್ಟಿಕೊಂಡೆ.

ಸರ್ಜನ್ ನಾಗರಾಜ್ ಒಳ್ಳೆಯವರು, ಕೈಗುಣವೂ ಒಳ್ಳೆಯದು. ನನ್ನ ಮಾತು ಕೇಳಿ ಅವರು ರೇಗಲಿಲ್ಲ, ಸುಸ್ತಾದವರ ಹಾಗೆ ಕುರ್ಚಿಗೆ ಒರಗಿದರು. "ನೋಡಿ ಮೇಡಂ, ಅವನಿಗೆ ಹೇಳಿದ್ರೆ ರಾತ್ರೋರಾತ್ರಿ ಎದ್ದು ಹೋಗ್ತಾನೆ. ಹೋದವಾರ ಒಬ್ರು ಹಾಗೇ ಹೋದ್ರು, ನಾಟಿ ಔಷಧಿ ಅಂತ. ನಾಲ್ಕೇ ದಿನ. ಇವನಿಗೆ ಇನ್ನೂ ಐವತ್ತಾಗಿಲ್ಲ. ಕಾಲು ಹೋದ್ರೂ ಜೀವ ಉಳೀಲಿ ಅಂತ ತಮ್ಮ ಸೈನ್ ಹಾಕಿದಾನೆ. ಓಡಿ ಹೋದ್ರೆ ನಿಮ್ಮ ಅಟಾನಮಿ ಹೋಗಿ ಡ್ರೆಸ್ಸಿಂಗ್ ಮಾಡುತ್ತಾ?"

ಅವರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಹೇಳಿದರೆ ಜೀವಕ್ಕೇ ಅಪಾಯ ಆಗಬಹುದು, ಹೇಳದಿದ್ದರೆ ಒಬ್ಬ ಮನುಷ್ಯ ನಾಳೆ ಎಚ್ಚರವಾದಾಗ ತನ್ನ ಕಾಲಿಲ್ಲದ್ದನ್ನು ತಾನೇ ಕಂಡುಕೊಳ್ಳಬೇಕು. "ಒಂದು ದಿನ ಕಾಯಬಹುದಾ?" ಅಂತ ಮಾತ್ರ ಕೇಳಿದೆ. "ಆಂಟಿಬಯೋಟಿಕ್ ಮೇಲೆ ಒಂದು ದಿನ ತಳ್ಳಬಹುದು. ಎರಡನೇ ದಿನ ನಾನು ಜವಾಬ್ದಾರಿ ಅಲ್ಲ" ಅಂದರು. ನನ್ನ ಮುಖ ನೋಡಿ, "ಸರಿ, ಮೊದಲು ಅವನ ತಮ್ಮನ್ನ ಒಪ್ಸಿ" ಅಂತ ಸೇರಿಸಿದರು.

ತಮ್ಮ ಶಿವಣ್ಣ ಕಾರಿಡಾರಿನಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದ. ವಿಷಯ ಎತ್ತಿದ್ದೇ ಕೈ ಮುಗಿದ. "ಬ್ಯಾಡಿ ಮೇಡಮ್ಮೋರೆ. ನಮ್ಮಣ್ಣ ಎದೆ ಒಡ್ಕಂಡ್ ಬುಡ್ತಾನೆ. ಆಪರೇಸನ್ ಆಗ್ಬುಡ್ಲಿ, ಆಮ್ಯಾಕೆ ಹೇಳಾನ."

ರಕ್ಷಿತಾ ನನಗಿಂತ ಮುಂಚೆ ಬಾಯಿ ತೆರೆದಳು. ಮೆತ್ತಗೆ, "ಆಮೇಲೆ ಯಾರು ಹೇಳ್ತಾರೆ ಅಣ್ಣ?" ಅಂದಳು.

ಶಿವಣ್ಣ ಅವಳನ್ನು ನೋಡಿದ. ಬಾಟಲಿಯ ಮುಚ್ಚಳವನ್ನು ತಿರುಗಿಸಿದ, ಮತ್ತೆ ಬಿಗಿ ಮಾಡಿದ. ಆಮೇಲೆ ಗೋಡೆಗೆ ಒರಗಿ ಹಾಗೇ ಕುಕ್ಕರುಗಾಲಲ್ಲಿ ಕೂತುಬಿಟ್ಟ. "ಸೈನ್ ಹಾಕ್ದಾಗಿಂದ ಅನ್ನ ಇಳೀತಿಲ್ಲ ಕಣವ್ವ" ಅಂದ. "ಎದ್ದೇಟ್ಗೆ ನನ್ನೇ ಕೇಳ್ತಾನೆ, ಕಾಲೆಲ್ಲಿ ಲಾ ಅಂತ. ನನ್ನ ಬಾಯಿಂದ ಬರಾಕಿಲ್ಲ. ನೀವೇ ಹೇಳ್ಬುಡಿ. ನಾನ್ ಪಕ್ಕದಾಗೆ ನಿಂತ್ಕತೀನಿ." ಮುಚ್ಚಿಟ್ಟವರಿಗೂ ಅದು ಇಷ್ಟು ಭಾರ ಅನ್ನುವುದು ನನಗೆ ಅಂದೇ ತಿಳಿದದ್ದು. ಅಷ್ಟು ವರ್ಷ ಕಡೆಯವರನ್ನು ಕೂಗಿ ಕರೆದು, ಅವರ ಮುಖವನ್ನೇ ಸರಿಯಾಗಿ ನೋಡಿರಲಿಲ್ಲ.

ನಾವು ರುದ್ರಣ್ಣನ ಮಂಚದ ಸುತ್ತ ನಿಂತೆವು: ನಾನು, ನಾಗರಾಜ್, ಶಿವಣ್ಣ, ರುದ್ರಣ್ಣನ ಹೆಂಡತಿ ಗಂಗಮ್ಮ, ರಕ್ಷಿತಾ. ಹಿರಿಯಳೆಂಬ ಹೆಮ್ಮೆಯಿಂದ ನಾನೇ ಶುರು ಮಾಡಿದೆ. ಸಕ್ಕರೆ ಕಾಯಿಲೆ ಅಂದರೇನು, ರಕ್ತನಾಳ ಹೇಗೆ ಕಿರಿದಾಗುತ್ತದೆ, ನರ ಹೇಗೆ ಸತ್ತುಹೋಗುತ್ತದೆ, ಸೋಂಕು ಹೇಗೆ ಹರಡುತ್ತದೆ. ಪಾಠ ಹರಿಯಿತು. ಅಕ್ಕಪಕ್ಕದ ಆರು ಮಂಚದವರೂ ಕತ್ತು ಎತ್ತಿ ಕೇಳತೊಡಗಿದರು, ಒಬ್ಬರಂತೂ ತಲೆಯಾಡಿಸುತ್ತಿದ್ದರು. ರುದ್ರಣ್ಣ ಬಹಳ ಹೊತ್ತು ತಾಳ್ಮೆಯಿಂದ ಕೇಳಿದ. ಕೊನೆಗೆ ನನ್ನನ್ನು ಬಿಟ್ಟು ರಕ್ಷಿತಾಳ ಕಡೆ ತಿರುಗಿ, "ಏನವ್ವ, ಮೇಡಮ್ಮೋರು ನನ್ನ ಯಾವ ಸ್ಟಾಪಲ್ಲಿ ಇಳಿಸ್ಬೇಕು ಅಂತವ್ರೆ?" ಅಂದ.

ನಾನು ಬಾಯಿ ಮುಚ್ಚಿದೆ. ರಕ್ಷಿತಾ ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಸ್ಟೂಲ್ ಎಳೆದುಕೊಂಡು ಅವನ ಮುಖದ ಮಟ್ಟಕ್ಕೆ ಕೂತಳು.

"ಅಣ್ಣ, ನೀವು ಆಗಲೇ ಕೇಳಿದ್ರಲ್ಲ, ಬೆರಳು ತೆಗೀತಾರಾ ಅಂತ. ಬರೀ ಬೆರಳಲ್ಲ ಅಣ್ಣ. ಮೊಣಕಾಲಿನ ಕೆಳಗೆ ಕಾಲು ತೆಗೀಬೇಕು ಅಂತಿದಾರೆ. ತೆಗೀದೆ ಇದ್ರೆ ವಿಷ ಮೈಗೆಲ್ಲ ಏರುತ್ತೆ, ಜೀವ ಉಳಿಯೋದು ಕಷ್ಟ. ಆದ್ರೆ ನೀವು ಒಪ್ಪದೆ ಮಾಡಲ್ಲ."

ಅಷ್ಟೇ ಹೇಳಿ ಅವಳು ಸುಮ್ಮನಾದಳು. ಆ ಸುಮ್ಮನಿರುವುದನ್ನು ನಾನು ಅವಳಿಗೆ ಕಲಿಸಿರಲಿಲ್ಲ, ನನಗೇ ಬಾರದ ವಿದ್ಯೆ ಅದು. ಗಂಗಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ರುದ್ರಣ್ಣ ಬ್ಯಾಂಡೇಜ್ ಸುತ್ತಿದ ಕಾಲನ್ನೇ ನೋಡುತ್ತಿದ್ದ.

"ಮಂಡಿ ಉಳೀತದಾ?"

"ಉಳಿಯುತ್ತೆ" ಅಂದರು ನಾಗರಾಜ್. "ಮಂಡಿ ಇದ್ರೆ ಜೈಪುರ ಕಾಲು ಹಾಕ್ಕೊಂಡು ನಡೀಬಹುದು. ಅದಕ್ಕೇ ತಡ ಮಾಡಬಾರದು ಅನ್ನೋದು."

"ಯಾರ್ ಯಾರ್ಗೆ ಗೊತ್ತಿತ್ತು?"

ಶಿವಣ್ಣ ಮುಂದೆ ಬಂದ. "ನನ್ಗೆ ಗೊತ್ತಿತ್ತು ಅಣ್ಣ. ನಾನೇ ಸೈನ್ ಹಾಕ್ದೆ." ಅಷ್ಟು ದೊಡ್ಡ ಗಂಡಸು ಗೊಳೋ ಅಂತ ಅತ್ತ. ರುದ್ರಣ್ಣ, "ಹೋಗ್ಲಾ, ಅಳ್ಬ್ಯಾಡ. ಮಕ ತೊಳ್ಕಂಡು ಟೀ ತಗಂಬಾ, ಎಲ್ರಿಗೂ" ಅಂದ. ಆಮೇಲೆ ಡಾಕ್ಟರ ಕಡೆ ತಿರುಗಿದ. "ನಾಳೀಕೆ ಬ್ಯಾಡ ಸಾ. ಒಂದ್ ದಿನ ಕೊಡಿ. ಇಂಗೆ ಕಾಲ್ ತೆಗೆಸ್ಕಂಡು ಓಡಾಡೋ ಒಬ್ಬನ್ನ ನಂಗೆ ತೋರ್ಸಿ. ನೋಡ್ಬುಟ್ಟು ಹೇಳ್ತೀನಿ."

ನನ್ನ ಓದು, ಅನುಭವ, ನಾಲ್ಕು ತತ್ವ ಎಲ್ಲ ಸೇರಿದರೂ ಈ ಬೇಡಿಕೆ ನನಗೆ ಹೊಳೆದಿರಲಿಲ್ಲ. ಎಷ್ಟು ಸರಿಯಾದ ಮಾತು! ಹತ್ತದ ಬಸ್ಸಿನ ಬಗ್ಗೆ, ಅದರಿಂದ ಇಳಿದವನನ್ನಲ್ಲದೆ ಇನ್ನಾರನ್ನು ಕೇಳಬೇಕು? ನಾಗರಾಜ್ ಕೈ ಗಡಿಯಾರ ನೋಡಿಕೊಂಡು, "ನಾಡಿದ್ದು ಬೆಳಿಗ್ಗೆ ಎಂಟಕ್ಕೆ. ಅದರ ಮೇಲೆ ಒಂದು ಗಂಟೆನೂ ಇಲ್ಲ" ಅಂದರು. ಹೊರಗೆ ಬಂದು ನನ್ನ ಕಿವಿಯಲ್ಲಿ, "ಬೆಳಗಾದ್ರೆ ಮಂಚ ಖಾಲಿ ಇರುತ್ತೆ, ನೋಡ್ತಿರಿ" ಅಂತಲೂ ಅಂದರು.

ಕೃತಕ ಕಾಲು ಅಳತೆ ಮಾಡುವ ನಮ್ಮ ಟೆಕ್ನಿಷಿಯನ್ ಒಂದಿಬ್ಬರಿಗೆ ಫೋನ್ ಮಾಡಿ, ಬರಲು ಒಪ್ಪಿದ ಒಬ್ಬರ ವಿಳಾಸ ಕೊಟ್ಟ. ರಕ್ಷಿತಾ ಅದನ್ನು ಓದಿ ಬೆಪ್ಪಾಗಿ ನಿಂತಳು. ಬಟವಾಡಿಯಲ್ಲಿ ನಮ್ಮ ಹುಡುಗರೆಲ್ಲ ನೋಟ್ಸ್ ತೆಗೆಸುವ ಜೆರಾಕ್ಸ್ ಅಂಗಡಿಯ ಸಲೀಂ ಭಾಯಿ ಅವರು. ಎರಡು ವರ್ಷದಿಂದ ಅವಳು ಅದೇ ಕೌಂಟರಿನ ಮುಂದೆ ನಿಂತು, ಅವರ ಜೊತೆ ಮಾತಾಡಿ, ನೀತಿಶಾಸ್ತ್ರದ ನೋಟ್ಸನ್ನೂ ಅಲ್ಲೇ ಜೆರಾಕ್ಸ್ ಮಾಡಿಸಿದ್ದಳು. ಅವರ ಒಂದು ಕಾಲು ತಮ್ಮದಲ್ಲ ಅಂತ ಯಾರಿಗೂ ಗೊತ್ತಿರಲಿಲ್ಲ.

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ ಅನ್ನುವುದನ್ನು ಒಪ್ಪಿಕೊಳ್ಳುತ್ತೇನೆ. ಹೊತ್ತಿಗೆ ಮುಂಚೆ ಎದ್ದು, ಕಾಫಿಯೂ ಕುಡಿಯದೆ ಆಸ್ಪತ್ರೆಗೆ ಹೋದೆ. ವಾರ್ಡಿನ ಒಳಗೆ ನೋಡಿದರೆ ರುದ್ರಣ್ಣ ಮಂಚದ ಮೇಲೆ ಕೂತು ಇಡ್ಲಿ ತಿನ್ನುತ್ತಿದ್ದ. ಬದುಕಿನಲ್ಲಿ ಇಡ್ಲಿ ತಿನ್ನುವ ಮನುಷ್ಯನನ್ನು ನೋಡಿ ನನಗೆ ಅಷ್ಟು ಸಂತೋಷ ಯಾವತ್ತೂ ಆಗಿಲ್ಲ.

ಹತ್ತು ಗಂಟೆಗೆ ಸಲೀಂ ಭಾಯಿ ಅಂಗಡಿ ಬಾಗಿಲು ಎಳೆದು ಬಂದರು. ವಾರ್ಡಿನ ಉದ್ದಕ್ಕೂ ನಡೆದು ಬಂದು ಮಂಚದ ಪಕ್ಕ ನಿಂತು, ಪ್ಯಾಂಟಿನ ಎಡಗಾಲನ್ನು ಮೇಲಕ್ಕೆ ಮಡಚಿದರು. ರುದ್ರಣ್ಣ ಬಗ್ಗಿ ನೋಡಿದ, ಬೆರಳಿನಿಂದ ಎರಡು ಸಲ ತಟ್ಟಿದ. ಆಮೇಲೆ ನಮ್ಮ ಕಡೆ ನೋಡಿ, "ನೀವೆಲ್ಲ ವಸಿ ಆಚೀಗಿರಿ" ಅಂದ. ಪ್ರೊಫೆಸರುಗಳು, ತಮ್ಮ, ಹೆಂಡತಿ ಎಲ್ಲರೂ ಆಚೆಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಸಾಲಾಗಿ ಕೂತೆವು. ಒಳಗೆ ಅರ್ಧ ಗಂಟೆ ಅವರಿಬ್ಬರೇ. ಏನು ಮಾತಾಡಿದರು ನನಗೆ ಇವತ್ತಿಗೂ ಗೊತ್ತಿಲ್ಲ. ಒಂದು ಸಲ ರುದ್ರಣ್ಣ ಅತ್ತ ಸದ್ದು ಕೇಳಿಸಿತು. ಇನ್ನೊಂದು ಸಲ ಇಬ್ಬರೂ ನಕ್ಕರು. ಸಲೀಂ ಭಾಯಿ ಹೊರಗೆ ಬಂದು ಗಂಗಮ್ಮನಿಗೆ, "ಬೂಟ್ ಮಾತ್ರ ಒಳ್ಳೇದು ಕೊಡಿಸ್ರಮ್ಮ" ಅಂದಷ್ಟೇ ಹೇಳಿ ಅಂಗಡಿಗೆ ಹೊರಟುಹೋದರು.

ಸಂಜೆ ರುದ್ರಣ್ಣ ರಕ್ಷಿತಾಳನ್ನು ಕರೆಸಿ, ಕನ್ಸೆಂಟ್ ಫಾರಂ ತರಲು ಹೇಳಿದ. ನರ್ಸಮ್ಮ ಶಿವಣ್ಣ ಸೈನ್ ಹಾಕಿದ್ದನ್ನೇ ತಂದರೆ, "ಇದ್ ಬ್ಯಾಡ ಸಿಸ್ಟರ್, ಹೊಸದ್ ತನ್ನಿ" ಅಂದ. ರಕ್ಷಿತಾ ಒಂದೊಂದೇ ಸಾಲು ಓದಿ ಹೇಳಿದಳು. ಅವನು ಪ್ರತಿ ಸಾಲಿಗೂ ನಿಲ್ಲಿಸಿ ಪ್ರಶ್ನೆ ಕೇಳಿದ. ಕೆಲವಕ್ಕೆ ಅವಳಿಗೆ ಉತ್ತರ ಬರಲಿಲ್ಲ, ಗೊತ್ತಿಲ್ಲ ಅಂದಳು, ಓಡಿ ಹೋಗಿ ಕೇಳಿಕೊಂಡು ಬಂದಳು. ಎರಡು ಪುಟದ ಕಾಗದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ಅವನು ಪೆನ್ನು ಇಸಿದುಕೊಂಡು ತನ್ನ ಹೆಸರು, ಅಪ್ಪನ ಹೆಸರು, ಊರಿನ ಹೆಸರು ಎಲ್ಲ ಸೇರಿಸಿ ದೊಡ್ಡದಾಗಿ ಸೈನ್ ಹಾಕಿದ.

ನಮ್ಮಲ್ಲಿ ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಒಂದು ಕ್ರಮ ಇದೆ. ಟ್ರಾಲಿ ಒಳಗೆ ಹೋಗುವ ಮೊದಲು ಸಿಸ್ಟರ್ ಪಟ್ಟಿ ಹಿಡಿದು ಹೆಸರೇನು, ಯಾವ ಆಪರೇಷನ್, ಯಾವ ಕಡೆ ಅಂತ ಪೇಷಂಟನ್ನೇ ಕೇಳಬೇಕು. ಕೇಳುವುದು ಪೇಷಂಟನ್ನು. ಅವನು ಕಣ್ಣು ಕಣ್ಣು ಬಿಡುವಷ್ಟರಲ್ಲಿ ಉತ್ತರ ಬರುವುದು ಟ್ರಾಲಿಯ ಪಕ್ಕದವರಿಂದ. ಎಷ್ಟೋ ಸಾವಿರ ಸಲ ನಾನು ಅದನ್ನು ನೋಡಿದ್ದೇನೆ. ಆ ಬೆಳಿಗ್ಗೆಯೂ ಸಿಸ್ಟರ್ ಪಟ್ಟಿಯಿಂದ ತಲೆ ಎತ್ತದೆ ಕೇಳಿದರು. ಅಭ್ಯಾಸಬಲದಿಂದ ನಾನು ಬಾಯಿ ತೆರೆದೆ, ಶಿವಣ್ಣನೂ ತೆರೆದ. ಹಸಿರು ಟೋಪಿ ಹಾಕಿಕೊಂಡು ತಲೆದೆಸೆಯಲ್ಲಿ ನಿಂತಿದ್ದ ರಕ್ಷಿತಾ ನಮ್ಮಿಬ್ಬರ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟಳು.

"ರುದ್ರಣ್ಣ, ಕೊತ್ತಗೆರೆ" ಅಂದ ಅವನು, ಬಸ್ಸಿನ ಹಿಂದಿನ ಸೀಟಿಗೂ ಕೇಳುವ ಗಂಟಲಲ್ಲಿ. "ಎಡಗಾಲು. ಮಂಡಿಯಿಂದ ಕೆಳೀಕೆ. ನಾನೇ ತೆಗೀರಿ ಅಂದಿರಾದು."

ಸಿಸ್ಟರ್ ತಲೆ ಎತ್ತಿ ಅವನ ಮುಖ ನೋಡಿದರು.